ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಹಾಯಕಿಯ ಕೆಲಸ: ಸೇರಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿದ್ದೇನೆ. ನಮ್ಮ ತಾಲ್ಲೂಕಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಹಾಯಕಿಯ ಕೆಲಸಕ್ಕೆ ಕರೆದಿದ್ದಾರೆ. ಅಲ್ಲಿ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಇವೆ. ಆರು ತಿಂಗಳಲ್ಲಿ ಎಕ್ಸ್‌ರೇ ತೆಗೆಯುವುದನ್ನೂ ಕಲಿಸುತ್ತೇವೆ ಎಂದಿದ್ದಾರೆ. ರೇಡಿಯೇಷನ್ ಇರುತ್ತದೆ, ಬೇಡ ಎಂದು ಮನೆಯವರು ಹೇಳುತ್ತಿದ್ದಾರೆ. ನಾನು ಸೇರಬಹುದೇ? ಮುಂದೆ ಇದರಲ್ಲಿ ಬೆಳೆಯಲು ದಾರಿ ಇದೆಯೇ?

ಉತ್ತರ (ಹಿರಿಯ ರೇಡಿಯೋಗ್ರಾಫರ್): ನಮಸ್ಕಾರ. ಧಾರಾಳವಾಗಿ ಸೇರಬಹುದು, ಆದರೆ ಆ "ಆರು ತಿಂಗಳಲ್ಲಿ ಕಲಿಸುತ್ತೇವೆ" ಎಂಬ ಮಾತನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಎಕ್ಸ್‌ರೇ ಯಂತ್ರವನ್ನು ನಡೆಸುವವರಿಗೆ ಮಾನ್ಯತೆ ಪಡೆದ ತರಬೇತಿ ಇರಲೇಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮವಿದೆ. ನೋಡಿ ಕಲಿತವರು ಗುಂಡಿ ಒತ್ತುವುದು ಎಷ್ಟೇ ಕಡೆ ನಡೆಯುತ್ತಿದ್ದರೂ ಅದು ಸರಿಯಲ್ಲ, ಮತ್ತು ಅಂತಹ ಅನುಭವಕ್ಕೆ ನಾಳೆ ಯಾವ ದೊಡ್ಡ ಆಸ್ಪತ್ರೆಯೂ ಬೆಲೆ ಕೊಡುವುದಿಲ್ಲ.

ಹಾಗೆಂದು ಸಹಾಯಕಿಯ ಕೆಲಸವನ್ನು ಹಗುರವಾಗಿ ಕಾಣಬೇಡಿ. ಎದೆಯ ಎಕ್ಸ್‌ರೇ ತೆಗೆಯುವಾಗ ಕತ್ತಿನ ತಾಯಿತವನ್ನೋ ಭುಜದ ಮುಂದೆ ಬಿದ್ದ ಜಡೆಯನ್ನೋ ಸರಿಪಡಿಸದೆ ಬಿಟ್ಟರೆ, ಅದರ ನೆರಳು ಶ್ವಾಸಕೋಶದ ಮೇಲೆ ಬಿದ್ದು ವೈದ್ಯರನ್ನು ಗೊಂದಲಕ್ಕೆ ತಳ್ಳುತ್ತದೆ. ರೋಗಿಯ ಹೆಸರು, ವಯಸ್ಸು, ಎಡಗಾಲೋ ಬಲಗಾಲೋ ಎಂಬುದನ್ನು ಚೀಟಿಯೊಂದಿಗೆ ತಾಳೆ ನೋಡುವುದು, ನಡೆಯಲಾಗದವರನ್ನು ನೋವಾಗದಂತೆ ಟೇಬಲ್ಲಿಗೆ ಹತ್ತಿಸುವುದು, ಹೆಣ್ಣುಮಕ್ಕಳಿಗೆ ಸಂಕೋಚವಾಗದಂತೆ ಗೌನ್ ಬದಲಿಸಿಕೊಡುವುದು, ಲೆಡ್ ಏಪ್ರನ್‌ಗಳನ್ನು ಮಡಚದೆ ನೇತುಹಾಕುವುದು (ಮಡಚಿದರೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ), ಇವೆಲ್ಲ ನಿಮ್ಮ ಪಾಲಿಗೆ ಬರುತ್ತವೆ.

ಅಲ್ಟ್ರಾಸೌಂಡ್ ಕೋಣೆಯ ಕೆಲಸ ಬೇರೆ ಬಗೆಯದು. ಅಲ್ಲಿ ವಿಕಿರಣವಿಲ್ಲ, ಆದರೆ ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಿದೆ. ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ಫಾರ್ಮ್ ಎಫ್ ತುಂಬಬೇಕು, ತಿಂಗಳ ವರದಿಯನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಸಲ್ಲಿಸಬೇಕು. ಈ ಬರವಣಿಗೆ ಬಹುಪಾಲು ಸಹಾಯಕರ ಕೈಗೇ ಬರುತ್ತದೆ. ಫಾರ್ಮಿನಲ್ಲಿ ಒಂದು ಕಲಂ ಖಾಲಿ ಉಳಿದರೂ ಕಾನೂನು ಅದನ್ನು ಉಲ್ಲಂಘನೆಯೆಂದೇ ಭಾವಿಸುತ್ತದೆ. ಹಾಗಲ್ಲವೆಂದು ಸಾಧಿಸುವ ಹೊಣೆ ಸ್ಕ್ಯಾನಿಂಗ್ ಮಾಡಿದವರ ಮೇಲೆ ಬೀಳುತ್ತದೆ. ಆದ್ದರಿಂದ ರೋಗಿಯ ಎದುರಿನಲ್ಲೇ ಕೇಳಿ ಬರೆಯಿರಿ, ಸಂಜೆ ಒಟ್ಟಿಗೆ ತುಂಬಿದರಾಯಿತು ಎಂದು ಬಿಡಬೇಡಿ. "ಮಗು ಗಂಡೋ ಹೆಣ್ಣೋ, ನಿಮಗಾದರೂ ಗೊತ್ತಿರುತ್ತದೆಯಲ್ಲ" ಎಂದು ಸಂಬಂಧಿಕರು ಹೊರಗೆ ನಿಮ್ಮನ್ನೇ ಕೇಳುತ್ತಾರೆ. ಮಾತಿನಲ್ಲಿರಲಿ, ಸನ್ನೆಯಲ್ಲಿಯೂ ಉತ್ತರಿಸುವುದು ಅಪರಾಧ.

ಇನ್ನು ಮನೆಯವರ ಭಯದ ವಿಷಯ. ಎಕ್ಸ್‌ರೇ ವಿಕಿರಣವು ಎಕ್ಸ್‌ಪೋಷರ್ ಕೊಡುವ ಆ ಕ್ಷಣ ಮಾತ್ರ ಇರುತ್ತದೆ, ಯಂತ್ರ ನಿಂತ ಮೇಲೆ ಕೋಣೆಯಲ್ಲಾಗಲಿ ರೋಗಿಯ ಮೈಯಲ್ಲಾಗಲಿ ಉಳಿಯುವುದಿಲ್ಲ. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ನಮ್ಮ ದೇಶದಲ್ಲಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಯಿದೆ. ಎಕ್ಸ್‌ರೇ ವಿಭಾಗದಲ್ಲೇ ನಿಯಮಿತವಾಗಿ ಕೆಲಸವಿದ್ದರೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಬಿಲ್ಲೆ) ಕೇಳಿ ಪಡೆದು, ಎದೆಯ ಬಳಿ, ಏಪ್ರನ್ನಿನ ಒಳಗೆ ಧರಿಸಿ. ನಿಜವಾದ ಅಪಾಯ ಬೇರೆ ಕಡೆಯಿದೆ: ಅಳುವ ಮಗುವನ್ನು ಹಿಡಿದುಕೊಳ್ಳಲು ದಿನವೂ ಸಹಾಯಕಿಯನ್ನೇ ನಿಲ್ಲಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ಮಗುವಿನ ಕಡೆಯ ವಯಸ್ಕರೊಬ್ಬರು ಏಪ್ರನ್ ತೊಟ್ಟು ಹಿಡಿಯಬೇಕು, ಸಿಬ್ಬಂದಿಯಲ್ಲ ಎಂಬುದೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮವೇ. ಹಿಡಿಯುವವರು ತಾಯಿಯಾದರೆ, ಗರ್ಭಿಣಿಯೇ ಎಂದು ಮೊದಲು ಕೇಳಿಕೊಳ್ಳಿ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನಾನು ಎಂಆರ್‌ಐ ವಿಭಾಗದಲ್ಲಿ ಅಟೆಂಡರ್. ಅಲ್ಲಿ ವಿಕಿರಣವೇ ಇಲ್ಲವಾದ್ದರಿಂದ ನಮ್ಮ ಕೆಲಸ ಸುರಕ್ಷಿತವಲ್ಲವೇ?

ಉತ್ತರ: ವಿಕಿರಣವಿಲ್ಲ ನಿಜ, ಆದರೆ ಅಯಸ್ಕಾಂತವಿದೆ, ಸ್ಕ್ಯಾನಿಂಗ್ ನಡೆಯದಿರುವಾಗಲೂ ಅದು ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯಲ್ಲಿ ರೋಗಿಯ ಸಂಬಂಧಿಯೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋಗಿ ಪ್ರಾಣ ಕಳೆದುಕೊಂಡರು. ಬಾಗಿಲಲ್ಲಿ ನಿಲ್ಲುವವರು ನೀವು. ಪೇಸ್‌ಮೇಕರ್, ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್ ಇವೆಯೇ ಎಂದು ಕೇಳಿ ಟೆಕ್ನಿಷಿಯನ್ನರಿಗೆ ತಿಳಿಸಿ. ನಮ್ಮ ಕಡೆಯ ಹೆಂಗಸರು ತಾಳಿಸರದಲ್ಲಿ ನಾಲ್ಕೈದು ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಒಡವೆ ತೆಗೆಯಿರಿ ಎಂದರೆ ಅದು ಅವರ ನೆನಪಿಗೆ ಬರುವುದಿಲ್ಲ, ಪಿನ್ನು ಎಂದೇ ಕೇಳಬೇಕು.

ಪ್ರಶ್ನೆ ಕೇಳಿದ ಸದಸ್ಯೆ: ಧನ್ಯವಾದಗಳು ಸರ್. ಕಲಾ ವಿಭಾಗದವಳಾದ ನನಗೆ ಮುಂದಿನ ಓದು ಸಾಧ್ಯವೇ?

ಉತ್ತರ: ಬಿಎಸ್ಸಿ ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನಿಂಗ್) ಕೋರ್ಸಿಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು, ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಆದರೆ ಕರ್ನಾಟಕದ ಪ್ಯಾರಾಮೆಡಿಕಲ್ ಬೋರ್ಡಿನ ಇದೇ ವಿಷಯದ ಡಿಪ್ಲೊಮಾವನ್ನು ಎಸ್ಸೆಸ್ಸೆಲ್ಸಿ ಆಧಾರದ ಮೇಲೆ ಮೂರು ವರ್ಷ ಓದಬಹುದು. ವಿಜ್ಞಾನ ಪಿಯುಸಿಯವರಿಗೆ ಎರಡು ವರ್ಷ ಸಾಕು, ನಿಮಗೆ ಒಂದು ವರ್ಷ ಹೆಚ್ಚು, ಅಷ್ಟೇ. ಕಾಲೇಜಿಗೆ ಹಣ ಕಟ್ಟುವ ಮೊದಲು ಆ ವರ್ಷದ ಬೋರ್ಡಿನ ಮಾನ್ಯತಾ ಪಟ್ಟಿಯಲ್ಲಿ ಅದರ ಹೆಸರಿದೆಯೇ, ಪ್ರಾಯೋಗಿಕ ತರಬೇತಿಗೆ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ ಎಂಬುದನ್ನು ವಿಚಾರಿಸಿ. ಸೆಂಟರ್‌ನ ಕೆಲಸವನ್ನು ಪ್ರವೇಶ ಆರಂಭವಾಗುವವರೆಗೆ ಮಾಡಿ. ಅಷ್ಟರಲ್ಲಿ ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ.