ಟೋಟಲ್ ಲಾಸ್ ಆದ ಕಾರಿಗೆ ಮತ್ತೆ ಇನ್ಶೂರೆನ್ಸ್: ಸಹಿ ಹಾಕುವ ಮೊದಲು

ಪುಟ್ಟ, ನಿನ್ನ ಮೆಸೇಜನ್ನೂ ನೀನು ಹಾಕಿರುವ ಫೋಟೋಗಳನ್ನೂ ಕಾಗದಗಳನ್ನೂ ಪೂರ್ತಿಯಾಗಿ ನೋಡಿದೆ. ನಿನಗೆ ಪೆಟ್ಟಾಗಲಿಲ್ಲವಲ್ಲ, ನಮಗೆಲ್ಲ ಅದೇ ದೊಡ್ಡದು. ಮೇಲಿನ ಮೆಸೇಜುಗಳನ್ನು ಓದದವರಿಗಾಗಿ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಟೆಕ್ಸಾಸಿನ ಪ್ಲೇನೋದಲ್ಲಿ ಇವನ 2018ರ ಟೊಯೋಟಾ ಕ್ಯಾಮ್ರಿ ಕಾರಿನ ಮುಂಭಾಗ ಅಪಘಾತದಲ್ಲಿ ಜಜ್ಜಿಹೋಗಿದೆ. ವಿಮಾ ಕಂಪನಿಯವರು ಟೋಟಲ್ ಲಾಸ್, ಅಂದರೆ ದುರಸ್ತಿ ಮಾಡಿಸುವುದಕ್ಕಿಂತ ಕಾರಿನ ಬೆಲೆ ಕೊಟ್ಟುಬಿಡುವುದೇ ಲೇಸು, ಎಂದು ಹೇಳಿದ್ದಾರೆ. ಇವನು ಕಾರನ್ನು ತಾನೇ ಇಟ್ಟುಕೊಂಡು, ಗೆಳೆಯನಿಗೆ ಪರಿಚಯವಿರುವ ಗ್ಯಾರೇಜಿನಲ್ಲಿ ಸರಿ ಮಾಡಿಸಿ ಓಡಿಸಬೇಕೆಂದಿದ್ದಾನೆ, ಆಮೇಲೆ ಅದಕ್ಕೆ ಇನ್ಶೂರೆನ್ಸ್ ಸಿಗುತ್ತದೆಯೇ ಎಂದು ಕೇಳಿದ್ದಾನೆ. ಎಂಜಿನ್ ಚೆನ್ನಾಗಿರುವ ಕಾರನ್ನು ಗುಜರಿಗೆ ಯಾಕೆ ಹಾಕಬೇಕು ಎಂದು ಭಾವ ಕೇಳಿದ್ದಾರೆ.

ಭಾವ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಭಾರತದಲ್ಲಿಯೂ ದುರಸ್ತಿಯ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿರುವ ಬೆಲೆಯ, ಶೇಕಡಾ 75ನ್ನು ದಾಟಿದರೆ ಟೋಟಲ್ ಲಾಸ್ ಎಂದೇ ಲೆಕ್ಕ ಹಿಡಿಯುತ್ತಾರೆ. ಅದು ಹಣದ ಲೆಕ್ಕವೇ ಹೊರತು ಕಾರು ಇನ್ನು ಓಡುವುದಿಲ್ಲವೆಂಬ ತೀರ್ಪಲ್ಲ. ಆದರೆ ಅಮೆರಿಕದಲ್ಲಿ ಆ ಲೆಕ್ಕ ಕಾರಿನ ಟೈಟಲ್ ಮೇಲೆ, ಅಂದರೆ ಮಾಲೀಕತ್ವದ ಪತ್ರದ ಮೇಲೆಯೇ, ಶಾಶ್ವತವಾಗಿ ಅಚ್ಚಾಗಬಹುದು. ಮುಂದೆ ಯಾವ ಕಂಪನಿ ಎಂಥ ಇನ್ಶೂರೆನ್ಸ್ ಕೊಡುತ್ತದೆ ಎನ್ನುವುದು ಬಹುಮಟ್ಟಿಗೆ ಆ ಅಚ್ಚಿನ ಮೇಲೆ ನಿಂತಿರುತ್ತದೆ. ಅದು ಬೀಳುತ್ತದೋ ಇಲ್ಲವೋ ಎನ್ನುವುದು ಗ್ಯಾರೇಜಿನಲ್ಲಿ ತೀರ್ಮಾನವಾಗುವ ವಿಷಯವಲ್ಲ. ಪುಟ್ಟ ಸೆಟಲ್‌ಮೆಂಟ್ ಕಾಗದಕ್ಕೆ ಸಹಿ ಹಾಕುವ ಮೊದಲಿನ ಈ ಕೆಲವು ದಿನಗಳಲ್ಲಿಯೇ ಅದು ತೀರ್ಮಾನವಾಗುತ್ತದೆ. ಅದಕ್ಕಾಗಿಯೇ ಇಷ್ಟು ಉದ್ದವಾಗಿ ಹೇಳುತ್ತಿದ್ದೇನೆ.

ಪುಟ್ಟ, ಇದನ್ನು ಸ್ವಲ್ಪ ಗಮನವಿಟ್ಟು ಕೇಳು. ಟೈಟಲ್ ಮೇಲೆ ಬೀಳುವ ಆ ಅಚ್ಚಿಗೆ ಸಾಲ್ವೇಜ್, ಅಂದರೆ ತೀರ ಹಾಳಾದ ಕಾರು, ಎನ್ನುತ್ತಾರೆ. ಯಾವ ಕಾರನ್ನು ಸಾಲ್ವೇಜ್ ಎನ್ನಬೇಕೆಂಬುದಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ಗೆರೆಯಿದೆ. ಪಕ್ಕದ ಒಕ್ಲಹೋಮಾದಲ್ಲಿ ದುರಸ್ತಿಯ ಖರ್ಚು ಬೆಲೆಯ ಶೇಕಡಾ 60ನ್ನು ದಾಟಿದರೆ ಸಾಕು, ನ್ಯೂಯಾರ್ಕಿನಲ್ಲಿ ಶೇಕಡಾ 75 ಆಗಬೇಕು. ನೀನಿರುವ ಟೆಕ್ಸಾಸಿನಲ್ಲಿ ದುರಸ್ತಿಯ ಖರ್ಚು ಅಪಘಾತಕ್ಕೆ ಮುಂಚೆ ಕಾರಿಗಿದ್ದ ಮಾರುಕಟ್ಟೆ ಬೆಲೆಯನ್ನೇ ಮೀರಬೇಕು, ಅಂದರೆ ಪೂರ್ತಿ ಶೇಕಡಾ 100. ಅಷ್ಟೇ ಅಲ್ಲ, ಆ ಖರ್ಚನ್ನು ಲೆಕ್ಕ ಹಾಕುವಾಗ ಬಣ್ಣ ಹೊಡೆಯುವ ಕೂಲಿಯನ್ನೂ ಸಾಮಗ್ರಿಯನ್ನೂ ಸೇಲ್ಸ್ ಟ್ಯಾಕ್ಸನ್ನೂ ಬಿಡಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಈಗ ನೀನು ಹಾಕಿರುವ ಬಾಡಿ ಶಾಪಿನ ಎಸ್ಟಿಮೇಟನ್ನು ಮತ್ತೊಮ್ಮೆ ತೆಗೆದು ಕೊನೆಯ ಪುಟ ನೋಡು. ಒಟ್ಟು 15,200 ಡಾಲರ್ ಎಂದಿದೆ. ಅದರಲ್ಲಿ ಬಣ್ಣದ ಬಾಬ್ತು 1,500, ಟ್ಯಾಕ್ಸ್ 600. ಅವೆರಡನ್ನೂ ತೆಗೆದರೆ ಉಳಿಯುವುದು 13,100. ಕಂಪನಿಯವರು ನಿನ್ನ ಕಾರಿಗೆ ಕಟ್ಟಿರುವ ಬೆಲೆ 14,000. ಹಾಗಾದರೆ ಕಾನೂನಿನ ಪ್ರಕಾರ ನಿನ್ನ ಕಾರು ಸಾಲ್ವೇಜ್ ಆಗದೆಯೂ ಇರಬಹುದು! ಕಂಪನಿ ತನ್ನ ಲಾಭನಷ್ಟ ನೋಡಿಕೊಂಡು ಟೋಟಲ್ ಲಾಸ್ ಎನ್ನುವುದು ಬೇರೆ, ರಾಜ್ಯದ ದಾಖಲೆಯಲ್ಲಿ ಅದು ಸಾಲ್ವೇಜ್ ಎಂದು ನಮೂದಾಗುವುದು ಬೇರೆ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಬೆಲೆ ಕಟ್ಟಿದ ವರದಿಯ ಮೊದಲನೆಯ ಪುಟದಲ್ಲಿ ನಿನ್ನ ಕಾರು ಎಲ್‌ಇ ಎಂಬ ಕೆಳಗಿನ ಮಾದರಿಯದು ಎಂದು ಬರೆದಿದ್ದಾರೆ. ನೀನು ಕೊಂಡದ್ದು ಲೆದರ್ ಸೀಟಿನ ಎಕ್ಸ್‌ಎಲ್‌ಇ, ನಿನ್ನ ಫೋಟೋಗಳಲ್ಲಿ ಸೀಟು ಸ್ಪಷ್ಟವಾಗಿ ಕಾಣುತ್ತಿದೆ. ಅವರು ಹೋಲಿಕೆಗೆ ತೆಗೆದುಕೊಂಡಿರುವ ಕಾರುಗಳೆಲ್ಲವೂ ಎಲ್‌ಇ ಆಗಿದ್ದರೆ ಬೆಲೆ ಕಡಿಮೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕೊಂಡಾಗಿನ ಬಿಲ್ಲನ್ನು ಹಚ್ಚಿ, ಸರಿಯಾದ ಮಾದರಿಗೆ ಬೆಲೆ ಕಟ್ಟಿಕೊಡಿ ಎಂದು ಅಡ್ಜಸ್ಟರಿಗೆ, ಅಂದರೆ ನಿನ್ನ ಕ್ಲೇಮು ನೋಡುತ್ತಿರುವ ಕಂಪನಿಯ ಅಧಿಕಾರಿಗೆ, ಇಂದೇ ಇಮೇಲ್ ಮಾಡು. ಸುತ್ತಮುತ್ತಲಿನ ಡೀಲರುಗಳಲ್ಲಿ ಅಷ್ಟೇ ಮೈಲಿ ಓಡಿದ 2018ರ ಎಕ್ಸ್‌ಎಲ್‌ಇ ಕಾರುಗಳು ಎಷ್ಟಕ್ಕೆ ಮಾರಾಟಕ್ಕಿವೆ ಎಂಬುದನ್ನೂ ಎರಡು ಮೂರು ಜಾಹೀರಾತುಗಳ ಸಮೇತ ಕಳಿಸು. ಒಪ್ಪದಿದ್ದರೆ ಪಾಲಿಸಿಯಲ್ಲಿ ಬೆಲೆಯ ತಕರಾರನ್ನು ಬೆಲೆ ಕಟ್ಟುವವರಿಂದ ಬಗೆಹರಿಸಿಕೊಳ್ಳುವ ಅಪ್ರೈಸಲ್ ಎಂಬ ಕಲಂ ಇದೆಯೇ ಎಂದು ನೋಡಿ ಅದನ್ನು ಬಳಸಬಹುದು, ಟೆಕ್ಸಾಸ್ ವಿಮಾ ಇಲಾಖೆಗೆ ದೂರನ್ನೂ ಕೊಡಬಹುದು. ಕಾರನ್ನು ಇಟ್ಟುಕೊಂಡರೂ ಬಿಟ್ಟುಕೊಟ್ಟರೂ ಈ ಬೆಲೆ ಏರಿದರೆ ಲಾಭ ನಿನಗೇ, ಹಾಗೆಯೇ ಸಾಲ್ವೇಜ್ ಗೆರೆಯೂ ಅದರ ಜೊತೆಗೆ ಮೇಲಕ್ಕೆ ಸರಿಯುತ್ತದೆ.

ಅದೇ ಇಮೇಲಿನಲ್ಲಿ ನೇರವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ. ನಾನು ಕಾರನ್ನು ಇಟ್ಟುಕೊಂಡರೆ ನೀವು ಅದನ್ನು ಸಾಲ್ವೇಜ್ ಎಂದು ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ವರದಿ ಮಾಡುತ್ತೀರಾ, ಇಲ್ಲವೇ ಎಂದು ಕೇಳು. ಸಾಲ್ವೇಜ್ ಕಾರನ್ನು ಮಾಲೀಕರೇ ಉಳಿಸಿಕೊಂಡರೆ ಕಂಪನಿಯವರು ವಿಟಿಆರ್-436 ಎಂಬ ಫಾರಂ ಕಳಿಸಲೇಬೇಕು, ಆಮೇಲೆ ರೀಬಿಲ್ಟ್ ಟೈಟಲ್, ಅಂದರೆ ಸರಿ ಮಾಡಿಸಿದ ಸಾಲ್ವೇಜ್ ಕಾರಿಗೆ ಕೊಡುವ ಟೈಟಲ್, ಸಿಗುವವರೆಗೆ ಆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಉತ್ತರ ಬರಹದಲ್ಲಿಯೇ ಬರಲಿ, ಫೋನಿನಲ್ಲಿ ಹೇಳಿದ್ದನ್ನು ನಂಬಿ ಸಹಿ ಹಾಕಬೇಡ.

ಇನ್ನು ಅದು ಸಾಲ್ವೇಜ್ ಎಂದೇ ಆಯಿತೆಂದುಕೊಳ್ಳೋಣ. ಸರಿ ಮಾಡಿಸಿದ ಮೇಲೆ ಯಾವ್ಯಾವ ಭಾಗ ಬದಲಾಯಿಸಿದೆ, ಅದು ಎಲ್ಲಿಂದ ಬಂತು ಎಂದು ವಿಟಿಆರ್-61 ಫಾರಂನಲ್ಲಿ ಬರೆದು, 65 ಡಾಲರ್ ಹೆಚ್ಚುವರಿ ಶುಲ್ಕ ಕಟ್ಟಿ, ರೀಬಿಲ್ಟ್ ಸಾಲ್ವೇಜ್ ಎಂದು ನಮೂದಾದ ಟೈಟಲ್ ಪಡೆಯಬೇಕು. ಆ ಟೈಟಲ್ ಇಟ್ಟುಕೊಂಡು ಇನ್ಶೂರೆನ್ಸಿಗೆ ಹೋದಾಗ ಲಯಬಿಲಿಟಿ, ಅಂದರೆ ನಮ್ಮ ಕಡೆಯ ಥರ್ಡ್ ಪಾರ್ಟಿ, ಸಾಮಾನ್ಯವಾಗಿ ಸಿಗುತ್ತದೆ. ಟೆಕ್ಸಾಸಿನಲ್ಲಿ ಕಡ್ಡಾಯವಾದದ್ದು ಒಬ್ಬರ ಗಾಯಕ್ಕೆ 30,000, ಒಂದು ಅಪಘಾತದ ಒಟ್ಟು ಗಾಯಗಳಿಗೆ 60,000, ಆಸ್ತಿಹಾನಿಗೆ 25,000 ಡಾಲರ್. ತೊಂದರೆಯಿರುವುದು ನಿನ್ನ ಕಾರಿಗೇ ಹಣ ಕೊಡುವ ಕೊಲಿಷನ್ ಮತ್ತು ಕಾಂಪ್ರಹೆನ್ಸಿವ್ ಪಾಲಿಸಿಗಳಲ್ಲಿ. ಕೆಲವು ಕಂಪನಿಗಳು ರೀಬಿಲ್ಟ್ ಎಂದ ಕೂಡಲೇ ಅವನ್ನು ಕೊಡುವುದಿಲ್ಲ. ಕೆಲವರು ದುರಸ್ತಿಯ ಬಿಲ್ಲು, ಹಂತಹಂತದ ಫೋಟೋ, ಮೆಕ್ಯಾನಿಕ್ ಬರೆದುಕೊಟ್ಟ ಪತ್ರ ಇವನ್ನೆಲ್ಲ ನೋಡಿ ಕೊಡುತ್ತಾರೆ. ಕೊಟ್ಟರೂ ನಾಳೆ ಕಾರು ಮತ್ತೆ ಹೋದರೆ ಮಾಮೂಲು ಕ್ಯಾಮ್ರಿಯ ಬೆಲೆ ಕೊಡುವುದಿಲ್ಲ, ಸಾಮಾನ್ಯವಾಗಿ ಶೇಕಡಾ 20ರಿಂದ 40ರಷ್ಟು ಕಡಿಮೆ ಮಾಡಿಯೇ ಲೆಕ್ಕ ಹಾಕುತ್ತಾರೆ. ಪ್ರೀಮಿಯಂ ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದ್ದರಿಂದ ಒಂದೇ ಕಂಪನಿಗೆ ಕೆಲಸ ಮಾಡುವ ಏಜೆಂಟನ್ನು ಬಿಟ್ಟು ಹಲವು ಕಂಪನಿಗಳ ಪಾಲಿಸಿ ಮಾರುವ ಏಜೆಂಟನ್ನು ಹಿಡಿದು, ದುರಸ್ತಿಗೆ ಒಂದು ಡಾಲರ್ ಖರ್ಚು ಮಾಡುವ ಮೊದಲೇ ಈ ಕಾರಿನ ಗುರುತಿನ ಸಂಖ್ಯೆಗೆ (ವಿಐಎನ್) ಯಾರು ಏನು ಕೊಡುತ್ತಾರೆಂದು ಬರೆಸಿಕೋ. ನಿನ್ನ ಮೈಗೆ ಆಗುವ ಪೆಟ್ಟಿನ ಆಸ್ಪತ್ರೆ ಖರ್ಚಿಗಿರುವ ಪಿಐಪಿಯನ್ನೂ, ವಿಮೆಯಿಲ್ಲದವರು ಬಂದು ಗುದ್ದಿದರೆ ನೆರವಾಗುವ ಅನ್‌ಇನ್ಶೂರ್ಡ್ ಮೋಟರಿಸ್ಟ್ ಪಾಲಿಸಿಯನ್ನೂ ಹಣ ಉಳಿಸಲೆಂದು ಬೇಡವೆನ್ನಬೇಡ. ಅವು ಮನುಷ್ಯರಿಗೆ ಸಂಬಂಧಿಸಿದವು, ಬೇಡವಾದರೆ ಬರೆದುಕೊಡಬೇಕೆಂದು ಕಾನೂನೇ ಇಟ್ಟಿರುವುದು ಸುಮ್ಮನೆ ಅಲ್ಲ.

ನಿನ್ನ ಗೆಳೆಯ ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿದರೆ ಆ ಅಚ್ಚು ಹೋಗುತ್ತದೆ ಎಂದನಂತೆ. ಆ ಮಾತನ್ನು ಇಲ್ಲಿಗೇ ಬಿಟ್ಟುಬಿಡು. 2017ರಲ್ಲಿ ನಮ್ಮ ಹ್ಯೂಸ್ಟನ್ನಿಗೆ ಹಾರ್ವಿ ಚಂಡಮಾರುತ ಬಂದಾಗ ಲಕ್ಷಗಟ್ಟಲೆ ಕಾರುಗಳು ನೀರಿನಲ್ಲಿ ಮುಳುಗಿದವು. ಅಂಥ ಕಾರುಗಳನ್ನು ಒಣಗಿಸಿ, ಕಾಗದ ಶುದ್ಧ ಮಾಡಿಸಿ ದೂರದವರಿಗೆ ಮಾರುವುದು ಶುದ್ಧ ವಂಚನೆ. 1992ರ ಕಾನೂನಿನಡಿ ಹುಟ್ಟಿದ ಎನ್‌ಎಂವಿಟಿಐಎಸ್ ಎಂಬ, ಕಾರುಗಳ ಟೈಟಲ್‌ಗಳ ರಾಷ್ಟ್ರೀಯ ದಾಖಲೆಗೆ ವಿಮಾ ಕಂಪನಿಗಳೂ ಗುಜರಿಯವರೂ ವರದಿ ಕೊಡಲೇಬೇಕು. ಕಂಪನಿ ಕೇಳಿದಾಗ ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡರೆ, ಹಣ ಬೇಕಾದ ದಿನವೇ ಅವರು ಅದನ್ನು ತೆಗೆದು ತೋರಿಸಿ ಕ್ಲೇಮು ನಿರಾಕರಿಸುತ್ತಾರೆ.

ಈಗ ಹಣದ ಲೆಕ್ಕ. ಕಾರನ್ನು ಒಪ್ಪಿಸಿಬಿಟ್ಟರೆ 14,000ದಲ್ಲಿ ಡಿಡಕ್ಟಿಬಲ್, ಅಂದರೆ ನೀನೇ ಭರಿಸಬೇಕಾದ ಪಾಲು, 1,000 ಕಳೆದು 13,000 ನಿನ್ನ ಕೈಗೆ ಬರುತ್ತದೆ. ಇಟ್ಟುಕೊಂಡರೆ ಅವರು ಗುಜರಿ ಬೆಲೆ 3,500ನ್ನೂ ಹಿಡಿದುಕೊಂಡು 9,500 ಕೊಡುತ್ತಾರೆ, ಅದರಲ್ಲಿ ಗ್ಯಾರೇಜಿನವರು ಕೇಳಿರುವ 7,500 ಹೋದರೆ ಉಳಿಯುವುದು 2,000. ಅಂದರೆ ನೀನು 11,000 ಡಾಲರ್ ಕೊಟ್ಟು ಒಂದು ರೀಬಿಲ್ಟ್ ಕ್ಯಾಮ್ರಿಯನ್ನು ಕೊಂಡಂತಾಯಿತು, ಮಾರಲು ಹೋದರೆ ಅದಕ್ಕೆ 10,000 ಬರುವುದೂ ಕಷ್ಟ. ಟೈಟಲ್ ಶುದ್ಧವಾಗಿ ಉಳಿದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ ನಿಜ. ಆದರೂ ಟೋಟಲ್ ಲಾಸ್ ಆಗಿತ್ತೆಂಬುದು ಕೊಳ್ಳುವವರು ತೆಗೆಸುವ ವರದಿಯಲ್ಲಿ ಕಾಣಿಸಿಕೊಳ್ಳಬಹುದು.

ಆದರೆ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಆ 7,500ರ ಚೀಟಿಯಲ್ಲಿರುವ ಒಂದು ಸಾಲು. ಸ್ಟೀರಿಂಗಿನ ಏರ್‌ಬ್ಯಾಗ್ ಬಿಚ್ಚಿಕೊಂಡು ನೇತಾಡುತ್ತಿರುವ ಫೋಟೋ ಹಾಕಿದ್ದೀಯ, ಚೀಟಿಯಲ್ಲಿ ಏರ್‌ಬ್ಯಾಗ್ ಸೆಟ್, ಆನ್‌ಲೈನ್, 300 ಡಾಲರ್ ಎಂದು ಬರೆದಿದ್ದಾರೆ. ಇಷ್ಟು ಅಗ್ಗಕ್ಕೆ ಟೊಯೋಟಾದ ಅಸಲಿ ಏರ್‌ಬ್ಯಾಗ್ ಬರುವುದಿಲ್ಲ. 2024ರ ಜುಲೈನಲ್ಲಿ ಇಲ್ಲಿಯ ರಸ್ತೆ ಸುರಕ್ಷತಾ ಇಲಾಖೆ, ಎನ್‌ಎಚ್‌ಟಿಎಸ್‌ಎ, ಇದೇ ವಿಷಯಕ್ಕೆ ಎಚ್ಚರಿಕೆ ಹೊರಡಿಸಿತು. ಅದಕ್ಕೆ ಹಿಂದಿನ ಒಂಬತ್ತು ತಿಂಗಳಲ್ಲಿ ಅಗ್ಗದ ಇನ್‌ಫ್ಲೇಟರ್ (ಏರ್‌ಬ್ಯಾಗನ್ನು ಉಬ್ಬಿಸುವ ಭಾಗ) ಹಾಕಿದ್ದ ಹಳೆಯ ಕಾರುಗಳಲ್ಲಿ ಮೂವರು ಸತ್ತಿದ್ದರು, ಇಬ್ಬರಿಗೆ ಭೀಕರ ಗಾಯವಾಗಿತ್ತು. ಬದುಕಿ ಉಳಿಯಬಹುದಾಗಿದ್ದ ಅಪಘಾತಗಳಲ್ಲಿ ಏರ್‌ಬ್ಯಾಗೇ ಸಿಡಿದು, ಲೋಹದ ಚೂರುಗಳು ಎದೆಗೆ, ಕುತ್ತಿಗೆಗೆ, ಮುಖಕ್ಕೆ ನುಗ್ಗಿದ್ದವು. ಆ ಕಾರುಗಳೆಲ್ಲ ಅದಕ್ಕೂ ಹಿಂದೆ ಒಮ್ಮೆ ಅಪಘಾತವಾಗಿ, ಏರ್‌ಬ್ಯಾಗ್ ಬದಲಾಯಿಸಿಕೊಂಡು ಬಂದ ಕಾರುಗಳು. ಇದರ ಜೊತೆಗೆ ನಿನ್ನ ಕ್ಯಾಮ್ರಿಯ ಮುಂದಿನ ಟೊಯೋಟಾ ಲಾಂಛನದ ಹಿಂದೆಯೇ, ತಾನಾಗಿ ಬ್ರೇಕ್ ಹಾಕುವ ರೇಡಾರ್ ಇದೆ. ಬಂಪರ್ ಬದಲಾಯಿಸಿದ ಮೇಲೆ ಅದನ್ನು ಕ್ಯಾಲಿಬ್ರೇಟ್ ಮಾಡಿಸಲೇಬೇಕು, ಅಂದರೆ ಅದರ ನೋಟವನ್ನು ಅಳತೆಗೆ ಸರಿಯಾಗಿ ಹೊಂದಿಸಬೇಕು, ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಟೆಕ್ಸಾಸಿನಲ್ಲಿ 2025ರ ಜನವರಿಯಿಂದ ಖಾಸಗಿ ಕಾರುಗಳ ವಾರ್ಷಿಕ ಸುರಕ್ಷತಾ ತಪಾಸಣೆಯೂ ನಿಂತುಹೋಗಿದೆ, ನಿನ್ನ ಕಡೆ ಉಳಿದಿರುವುದು ಹೊಗೆಯ ಪರೀಕ್ಷೆ ಮಾತ್ರ. ಅಂದಮೇಲೆ ಕಾರು ಓಡಿಸಲು ಸುರಕ್ಷಿತವಾಗಿದೆಯೇ ಎಂದು ವರ್ಷಕ್ಕೊಮ್ಮೆ ಸರ್ಕಾರದ ಪರವಾಗಿ ನೋಡುವವರೂ ಇಲ್ಲ.

ಅಸಲಿ ಏರ್‌ಬ್ಯಾಗ್, ಸೀಟ್ ಬೆಲ್ಟ್, ಕ್ಯಾಲಿಬ್ರೇಷನ್ ಎಲ್ಲವನ್ನೂ ಸೇರಿಸಿದರೆ ಆ 7,500 ಅಲ್ಲಿಗೇ ನಿಲ್ಲುವುದಿಲ್ಲ, ಮೇಲಿನ ಲೆಕ್ಕವೂ ನಿಲ್ಲುವುದಿಲ್ಲ. ಬರೀ ಬಾಗಿಲು ತಗ್ಗಾಗಿದ್ದರೆ ಇಟ್ಟುಕೋ ಎಂದು ನಾನೇ ಹೇಳುತ್ತಿದ್ದೆ. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರನ್ನು, ಅಕ್ಕ ಭಾವ ಇಬ್ಬರಿಗೂ ಹೇಳುತ್ತಿದ್ದೇನೆ, ಬೆಲೆ ಸರಿಪಡಿಸಿಕೊಂಡು ಒಪ್ಪಿಸಿಬಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ಪುಟ್ಟ, ಆದರೂ ನಿನಗೆ ಇಟ್ಟುಕೊಳ್ಳಲೇಬೇಕೆನಿಸಿದರೆ, ಅಡ್ಜಸ್ಟರ್ ಬರೆದ ಉತ್ತರವನ್ನೂ, ಟೊಯೋಟಾ ಡೀಲರಿಂದ ಏರ್‌ಬ್ಯಾಗಿಗೂ ಕ್ಯಾಲಿಬ್ರೇಷನ್ನಿಗೂ ಬರೆಸಿಕೊಂಡ ದರವನ್ನೂ, ಏಜೆಂಟ್ ಕೊಟ್ಟ ಕೋಟನ್ನೂ ನನಗೆ ಕಳಿಸು. ಮೂರನ್ನೂ ಮುಂದಿಟ್ಟುಕೊಂಡು ಶನಿವಾರ ಬೆಳಿಗ್ಗೆ ಫೋನಿನಲ್ಲಿ ಕೂತು ನೋಡೋಣ, ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.