ಅಪ್‌ಡೇಟ್: ಕಾಸರಗೋಡಿನ ನಮ್ಮ ಶಾಲಾ ರಸ್ತೆಯ ಕಾಲುದಾರಿ

ಮಕ್ಕಳೂ ವೃದ್ಧರೂ ನಿರ್ಭಯವಾಗಿ ನಡೆಯುವಂತೆ ಕಾಸರಗೋಡಿನ ನಮ್ಮ ರಸ್ತೆಯನ್ನು ಸರಿಪಡಿಸಲು ಎಲ್ಲಿಂದ ಆರಂಭಿಸಬೇಕೆಂದು ಹಿಂದೆ ಕೇಳಿದ್ದೆ. ವಾರ್ಡ್ ಸಭೆಯಲ್ಲಿ ವಿಷಯವಿಡಿ ಎಂದು ತಾವು ಸೂಚಿಸಿದಂತೆಯೇ ಮಾಡಿದೆವು. ಸಭೆಗೆ ಮುನ್ನ ನೆರೆಹೊರೆಯವರೆಲ್ಲ ಟೇಪು ಹಿಡಿದು ಕಾಲುದಾರಿಯನ್ನು ಅಳೆದಾಗ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕೆನ್ನುವಲ್ಲಿ, ವಿದ್ಯುತ್ ಕಂಬಗಳ ಬಳಿ ಒಬ್ಬರು ಓರೆಯಾಗಿ ಸಾಗುವಷ್ಟೇ ಜಾಗ ಉಳಿದಿತ್ತು. ಮಳೆಗಾಲದಲ್ಲಿ ಚರಂಡಿ ತುಂಬಿ ಹರಿಯುವಾಗ ಒಡೆದ ಚಪ್ಪಡಿ ಎಲ್ಲಿದೆಯೆಂದೇ ಕಾಣುವುದಿಲ್ಲವೆಂದು ಮೀನು ಮಾರುವ ಅಕ್ಕನೊಬ್ಬರು ಹೇಳಿದ ಮಾತು ನಮ್ಮ ನಕ್ಷೆಯಲ್ಲಿ ಇರಲೇ ಇಲ್ಲ. ಅದನ್ನೇ ಮೊದಲ ಬೇಡಿಕೆಯಾಗಿಸಿದೆವು. ಅರ್ಜಿಯನ್ನು ಕನ್ನಡ, ಮಲಯಾಳಂ ಎರಡರಲ್ಲೂ ಬರೆದದ್ದರಿಂದ ಹಿರಿಯರೂ ಓದಿ ಸಹಿ ಹಾಕಿದರು. ಚಪ್ಪಡಿ ಬದಲಿಸಲು ಸಭೆ ಒಪ್ಪಿದೆ. ಶಾಲೆಯೆದುರು ರಸ್ತೆಯ ಮಟ್ಟಕ್ಕಿಂತ ತುಸು ಎತ್ತರಿಸಿದ ದಾಟುದಾರಿ ಬೇಕೆಂಬ ಬೇಡಿಕೆ ಬಾಕಿಯಿದೆ. ವಾಹನಗಳ ವೇಗ ಅಲ್ಲಿಯೇ ತಗ್ಗಬೇಕಾದ್ದರಿಂದ ಅದನ್ನು ನಾವು ಕೈಬಿಡುವುದಿಲ್ಲ.