ಹಂಪಿ–ಆನೆಗೊಂದಿ–ಸಣಾಪುರ ಸುತ್ತು: ಎಂಟಿಬಿಯಲ್ಲಿ (ಮೌಂಟನ್ ಬೈಕ್ ಸೈಕಲ್) ಒಂದೇ ದಿನಕ್ಕೆ ಆಗುತ್ತಾ?

ಮಲ್ಲೇಶ್ವರಂ_ಸವಾರ:
ಜನವರಿಯಲ್ಲಿ ಹಂಪಿ ಕಡೆ ಬರ್ತಿದ್ದೇವೆ. ನನ್ನದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 29 ಇಂಚಿನ ಗಾಲಿಯ ಹಾರ್ಡ್‌ಟೇಲ್, ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಓಡಿಸಿ ಅಭ್ಯಾಸ. ಜೊತೆಗೆ ತಂಗಿ ಇರ್ತಾಳೆ. 40 ಕಿ.ಮೀ. ತನಕ ಅವಳಿಗೆ ಕಷ್ಟವಿಲ್ಲ, ಆದರೆ ಕಡಿದಾದ ಏರು, ಬಂಡೆ ಮೇಲಿನ ಇಳಿಜಾರು ಬೇಡ ಅಂತಾಳೆ. ಊರು, ಗದ್ದೆ, ಸಣ್ಣಪುಟ್ಟ ದಿಬ್ಬ ಇರುವ ಸುತ್ತು ಬೇಕು. ಹಳೆಯ ಮಾಹಿತಿಯಲ್ಲೆಲ್ಲ ನದಿ ನಡುವಿನ ವಿರೂಪಾಪುರ ಗಡ್ಡಿಯಿಂದ ಶುರು ಮಾಡಿ ಅಂತಿದೆ. ಈಗಲೂ ಹಾಗೇನಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಗಂಗಾವತಿ_ಪೆಡಲ್:
ನಮ್ದು ಗಂಗಾವತಿ ರೀ. ಇದು ನಮ್ಮ ಮನಿ ಅಂಗಳ ಇದ್ದಂಗ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಮೊದಲು ಗಡ್ಡಿ ವಿಷಯ ಮರತುಬಿಡ್ರಿ. 2020ರಾಗ ಸುಪ್ರೀಂ ಕೋರ್ಟ್ ಆದೇಶ ಬಂದ ಮ್ಯಾಲೆ ಅಲ್ಲಿನ ರೆಸಾರ್ಟ್ ಎಲ್ಲಾ ಕೆಡವಿದ್ರು. ಹಳೇ ಮ್ಯಾಪ್ ಹಿಡ್ಕೊಂಡು ಬಂದವ್ರು ಇನ್ನೂ ದಾರಿ ಕೇಳ್ತಾರ. ನೀವು ಕಮಲಾಪುರದಿಂದ ಹೊರಡ್ರಿ. ಕಂಪ್ಲಿ ರಸ್ತೆ ಹಿಡಿದು, ಮಾಲ್ಯವಂತ ಗುಡ್ಡ ದಾಟಿ, ಎಡಕ್ಕ ಬುಕ್ಕಸಾಗರ. ಎರಡೂ ಕಡೆ ಬಾಳಿ ತೋಟ, ಕಬ್ಬು. ಸೇತುವೆ ಮ್ಯಾಲೆ ತುಂಗಭದ್ರಾ ದಾಟಿದ್ರ ಕಡೆಬಾಗಿಲು, ಅಲ್ಲಿಂದ ಆನೆಗೊಂದಿ. ಅಲ್ಲಿ ಒಗ್ಗಾಣಿ ಮಿರ್ಚಿ ತಿಂದು, ಚಾ ಕುಡುದು, ಪಂಪಾ ಸರೋವರ, ಅಂಜನಾದ್ರಿ ಬುಡ, ಹನುಮನಹಳ್ಳಿ, ಸಣಾಪುರ ಕೆರಿ. ಇಷ್ಟರಾಗ ದಿಬ್ಬ ಅಂದ್ರ ಹನುಮನಹಳ್ಳಿಯಿಂದ ಸಣಾಪುರದ ಕಡೆ ಗುಂಡುಗಲ್ಲುಗಳ ನಡುವ ಏರಿ ಇಳಿಯೋದು, ಅಷ್ಟ. ತಂಗೀಗೆ ಏನೂ ತ್ರಾಸ ಇಲ್ಲ.

ವಾಪಸ್ ಬರೋವಾಗ ಡಾಂಬರು ಬಿಟ್ಟು ಗದ್ದಿ ನಡುವಿನ ಕಾಲುವಿ ದಂಡಿ ಹಿಡೀರಿ. ಎಂಟಿಬಿ ತಂದಿದ್ದಕ್ಕ ಸಾರ್ಥಕ ಆಗೋದು ಅಲ್ಲೇ. ಈ ಭಾಗದಾಗ ವಿಜಯನಗರ ಕಾಲದ ಕಾಲುವಿಗಳು ಇವತ್ತಿಗೂ ಗದ್ದಿಗೆ ನೀರು ಕೊಡ್ತಾವ. ಎಡಕ್ಕ ಭತ್ತ, ಬಲಕ್ಕ ನೀರು, ಮುಂದ ಕಲ್ಲಿನ ಗುಡ್ಡ. ನನಗ ಹಂಪಿಯ ಯಾವ ಗುಡಿಗಿಂತಲೂ ಇದ ಹೆಚ್ಚು ಅನಸ್ತೈತಿ. ದಂಡಿ ಮ್ಯಾಲೆ ರೈತರು ಎದುರಾದ್ರ ಇಳಿದು ನಿಂತು, "ಹೋಗಬಹುದೇನ್ರಿ" ಅಂತ ಒಂದ ಮಾತು ಕೇಳ್ರಿ. ಬ್ಯಾಡ ಅನ್ನೋರು ಕಡಿಮಿ. ಆದ್ರ ಬದು ಮ್ಯಾಲೆ ಸೈಕಲ್ ಹತ್ತಿಸಬ್ಯಾಡ್ರಿ. ಬದು ಕುಸಿದ್ರ ಒಂದು ಮಡಿ ನೀರೆಲ್ಲಾ ಪಕ್ಕದ ಮಡಿಗೆ ಹೋಗತೈತಿ, ಆಮ್ಯಾಲೆ ಜಗಳ ಅವರವರ ನಡುವ.

ಭತ್ತದ ಬಗ್ಗೆ ಇನ್ನೊಂದು. ಕೊಯ್ಲಿನ ಹೊತ್ತಿನಾಗ ಅರ್ಧ ರಸ್ತಿಗೆ ಭತ್ತ ಒಣಗಿ ಹಾಕಿರ್ತಾರ. ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರ್ತಾರ, ಹಗಲೆಲ್ಲಾ ಕಾಲಿನಿಂದ ಕೆದರಿಕೋತ ಹೆಣ್ಣುಮಕ್ಕಳು ಅಡ್ಡಾಡ್ತಿರ್ತಾರ. ಅದರ ಮ್ಯಾಲೆ ಗಾಲಿ ಹೋದ್ರ ಕಾಳು ಒಡೀತೈತಿ, ಮಿಲ್ಲಿನಾಗ ನುಚ್ಚಾಗತೈತಿ, ಆ ಮನೀಗೆ ರೇಟ್ ಬೀಳತೈತಿ. ಟ್ರ್ಯಾಕ್ಟರ್ ಹೋಗತೈತಲ್ಲ ಅಂತ ನಾವೂ ಹೋಗೋದು ತಪ್ಪು. ಎದುರಿಗೆ ಗಾಡಿ ಬಂದ್ರ ನಿಲ್ಲಬೇಕು, ಭತ್ತದ ಮ್ಯಾಲೆ ಇಳಿಸಬಾರದು. ನಮ್ಮ ಗುಂಪಿನ ಹುಡುಗ್ರಿಗೆ ನಾನು ಮೊದಲು ಕಲಿಸೋದು ಇದನ್ನ, ಗೇರ್ ಹಾಕೋದು ಆಮ್ಯಾಲೆ.

ಮಲ್ಲೇಶ್ವರಂ_ಸವಾರ:
ತುಂಬಾ ಧನ್ಯವಾದ ಸರ್. ಭತ್ತದ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಎರಡು ಪ್ರಶ್ನೆ: ನನ್ನದು ಟ್ಯೂಬ್ ಇರುವ ಟೈರ್, 2.2 ಇಂಚು. ಸಾಕಾಗುತ್ತಾ? ಮತ್ತೆ, ಹೋದ ಸೇತುವೆಯಲ್ಲೇ ವಾಪಸ್ ಬರಬೇಕಾ?

ಹೊಸಪೇಟೆ_ಅಕ್ಕ:
ಎರಡನೆಯದಕ್ಕೆ ನಾನು ಹೇಳ್ತೀನಿ. ಆನೆಗೊಂದಿ ದಡದಿಂದ ತಳವಾರಘಟ್ಟಕ್ಕೆ ಹರಗೋಲು, ದೋಣಿಯಲ್ಲಿ ಸೈಕಲ್ ಸಮೇತ ದಾಟಬಹುದು. ದಾಟಿದರೆ ವಿಠ್ಠಲ ದೇವಸ್ಥಾನದ ರಸ್ತೆ, ಅಲ್ಲಿಂದ ಕಮಲಾಪುರ ಹತ್ತಿರ. ಆಗ ನಿಜವಾಗಿ ಒಂದು ಸುತ್ತು ಪೂರ್ತಿ, ಒಟ್ಟು 35 ಕಿ.ಮೀ. ಆಸುಪಾಸು. ಆದರೆ ಡ್ಯಾಮಿನಿಂದ ನದಿಗೆ ನೀರು ಬಿಟ್ಟಾಗ ದೋಣಿ ನಿಲ್ಲಿಸ್ತಾರೆ. ಬೆಳಿಗ್ಗೆ ಆನೆಗೊಂದಿಯಲ್ಲಿ ಚಹಾ ಕುಡಿಯುವಾಗಲೇ ವಿಚಾರಿಸಿಕೊಳ್ಳಿ. ಇಲ್ಲ ಅಂದರೆ ಸೇತುವೆಯೇ ಗತಿ.

ಹರಗೋಲಿನಲ್ಲಿ ಸೈಕಲ್ಲನ್ನು ಮಲಗಿಸಿ ಇಡ್ತಾರೆ. ಡಿರೇಲರ್ (ಗೇರ್ ಬದಲಿಸುವ ಭಾಗ) ಇರುವ ಬದಿ ಮೇಲಕ್ಕೆ ಬರಲಿ, ಇಲ್ಲದಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಬಗ್ಗುತ್ತೆ. ಈ ಊರುಗಳಲ್ಲಿ ಅದರ ಬಿಡಿಭಾಗ ಸಿಗಲ್ಲ. ದಾಟುವಾಗ ಬಂಡೆಗಳ ಕಡೆ ಕಣ್ಣಿಟ್ಟಿರಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಅದೃಷ್ಟವಿದ್ದರೆ ತಲೆ ಎತ್ತಿ ನೋಡುತ್ತವೆ.

ಹೆಣ್ಣುಮಕ್ಕಳ ಜೊತೆ ಬರುವವರಿಗೆ ಅಂತ ಮಾತ್ರ ಅಲ್ಲ, ಎಲ್ಲರಿಗೂ ಹೇಳೋದು: ಸಂಜೆ ಐದರೊಳಗೆ ಕಾಲುವೆ ದಂಡೆ, ಕೆರೆ ಕಡೆಯಿಂದ ಹೊರಬಂದುಬಿಡಿ. ಗುಡ್ಡದಲ್ಲಿ ಕರಡಿ, ಚಿರತೆ ಎರಡೂ ಇವೆ. ಕೆರೆಯಲ್ಲೂ ನದಿಯಲ್ಲೂ ಈಜಲೇಬೇಡಿ. ಸುಳಿ ಇವೆ, ಮೊಸಳೆ ಇವೆ, ಪ್ರಾಣ ಹೋಗಿವೆ.

ಗಂಗಾವತಿ_ಪೆಡಲ್:
ಅಕ್ಕಾವ್ರು ಸರಿಯಾಗಿ ಹೇಳ್ಯಾರ. ಟೈರ್ ಬಗ್ಗೆ: 2.2 ಭರ್ಜರಿ ಆತು, ಆದ್ರ ಬರೇ ಟ್ಯೂಬ್ ನಂಬಬ್ಯಾಡ್ರಿ. ಇಲ್ಲಿ ಬಂಡೆಗಲ್ಲು ಅಲ್ಲ ಶತ್ರು, ಮುಳ್ಳು. ದಂಡಿ ಮ್ಯಾಲೆ ಬಳ್ಳಾರಿ ಜಾಲಿ ಕಡಿದು ಹಾಕಿರ್ತಾರ, ಒಣಗಿದ ಮುಳ್ಳು ಮೊಳೀಗಿಂತ ಗಟ್ಟಿ. ಅದರ ಜೋಡಿ ನೆಗ್ಗಿಲ ಮುಳ್ಳು, ಒಂದು ಸಲಕ್ಕ ನಾಕೈದು ಕಡೆ ಚುಚ್ಚತೈತಿ. ಟ್ಯೂಬ್‌ಲೆಸ್ ಮಾಡಿಸಿ, ತೂತು ತಾನೇ ಮುಚ್ಚೋ ಸೀಲಂಟ್ ದ್ರವ ತುಂಬಿಸಿದ್ರ ಛಲೋ. ಆಗಲಿಲ್ಲ ಅಂದ್ರ ಟ್ಯೂಬಿನೊಳಗ ಸೀಲಂಟ್ ಹಾಕ್ರಿ, ಒಬ್ಬೊಬ್ಬರಿಗೆ ಎರಡು ಹೆಚ್ಚುವರಿ ಟ್ಯೂಬ್, ಪ್ಯಾಚು, ಪಂಪು ಇರಲಿ. ಹೊಸ ಟ್ಯೂಬ್ ಹಾಕೋಕಿಂತ ಮುಂಚೆ ಟೈರಿನ ಒಳಗ ಬೆರಳು ನಿಧಾನ ಆಡಿಸ್ರಿ. ಮುರಿದ ಮುಳ್ಳಿನ ತುದಿ ಒಳಗ ಉಳಿದಿರತೈತಿ, ಹೊರಗಿಂದ ಕಾಣಂಗಿಲ್ಲ. ಅದನ್ನ ತೆಗೀದೆ ಹಾಕಿದ್ರ ಹತ್ತು ನಿಮಿಷಕ್ಕ ಮತ್ತ ಪಂಚರ್.

ಮಸಾರಿ (ಕೆಂಪು) ಮಣ್ಣಿನ ದಾರಿ ತೊಂದರಿ ಇಲ್ಲ. ಎರಿ (ಕಪ್ಪು) ಮಣ್ಣು ಹಸಿ ಇದ್ರ ಹೋಗಬ್ಯಾಡ್ರಿ, ಗಾಲಿ ತಿರುಗದಂಗ ಮೆತ್ತಿಕೊಳ್ಳತೈತಿ. ಕೇಜ್‌ವೀಲ್ (ಕೆಸರುಗದ್ದಿಯ ಕಬ್ಬಿಣದ ಗಾಲಿ) ಹಾಕಿದ ಟ್ರ್ಯಾಕ್ಟರ್ ಗದ್ದಿಯಿಂದ ರಸ್ತಿಗೆ ಹತ್ತಿದ ಜಾಗದಾಗ ಡಾಂಬರಿನ ಮ್ಯಾಲೂ ಕೆಸರು ಬಿದ್ದಿರತೈತಿ. ತಿರುವಿನಾಗ ಅದ್ನ ನೋಡ್ಕೋರಿ.

ಜನವರಿ ಒಳ್ಳೇ ಟೈಮ್. ಶನಿವಾರ ಮಾತ್ರ ಬ್ಯಾಡ, ಅಂಜನಾದ್ರಿಗೆ ಗಾಡಿ ಸಾಲು ಹಚ್ಚಿರತಾವ. ಬುಧವಾರ, ಗುರುವಾರ ನೋಡ್ರಿ. ಬೆಳಿಗ್ಗೆ ಆರೂವರಿಗೆ ಕಮಲಾಪುರ ಬಿಟ್ರ ಬಿಸಿಲು ಏರೋದರೊಳಗ ಸಣಾಪುರ ಮುಟ್ಟತೀರಿ. ಬೆಟ್ಟ ಹತ್ತೋ ಆಸೆ ಇದ್ರ 575 ಮೆಟ್ಟಲು ಅದಾವ, ಹೋಗೋವಾಗಲೇ ಹತ್ತಿ ಇಳೀರಿ, ಮಧ್ಯಾಹ್ನ ಕಲ್ಲು ಕಾದಿರತೈತಿ. ಹೊರಡೋ ವಾರ ಇಲ್ಲೇ ಒಂದು ಮೆಸೇಜ್ ಹಾಕ್ರಿ. ಯಾವ ಕಾಲುವಿಗೆ ನೀರು ಬಿಟ್ಟಾರ, ಯಾವ ದಂಡಿ ಒಣಗೇತಿ, ನಾನೇ ಹೋಗಿ ನೋಡಿ ಹೇಳ್ತೀನಿ.